‘ಅವನ ಜೊತೆ ಇರು, ಗೊತ್ತಾಗುತ್ತೆ’: ಸೂಪರ್‌ಮಾರ್ಕೆಟ್ ಗೋಡೌನಿನ ಮೊದಲ ವಾರ

ಸೂಪರ್‌ಮಾರ್ಕೆಟ್ಟಿನ ಗೋಡೌನಿಗೆ ಹೊಸದಾಗಿ ಸೇರಿದವರಿಗೆ ಸಿಗುವ ತರಬೇತಿ ಬಹಳ ಕಡೆ ಇಷ್ಟೇ: ಒಂದು ಟೀ ಶರ್ಟು, ಒಂದು ಕಟರು, ‘ಅವನ ಜೊತೆ ಇರು, ಗೊತ್ತಾಗುತ್ತೆ’ ಎಂಬ ಒಂದು ಮಾತು. ಆ ‘ಅವನು’ ಸೇರಿ ಮೂರು ತಿಂಗಳಾಗಿರುತ್ತದೆ, ಅವನಿಗೂ ಯಾರೂ ಹೇಳಿಕೊಟ್ಟಿರುವುದಿಲ್ಲ. ಬಿಲ್ಲಿಂಗ್ ಕೌಂಟರಿಗೆ ಕೂರಿಸುವ ಮುಂಚೆ ಎರಡು ದಿನವಾದರೂ ಪಕ್ಕದಲ್ಲಿ ನಿಲ್ಲಿಸಿ ಕಲಿಸುತ್ತಾರೆ. ಅಲ್ಲಿ ತಪ್ಪಾದರೆ ಗಿರಾಕಿ ಆಗಿಂದಾಗಲೇ ಜಗಳಕ್ಕೆ ಬರುತ್ತಾರಲ್ಲ. ಗೋಡೌನಿನ ತಪ್ಪು ಹಾಗಲ್ಲ. ಅದು ತಿಂಗಳೊಪ್ಪತ್ತು ಸುಮ್ಮನಿದ್ದು, ಸ್ಟಾಕ್ ಎಣಿಸುವ ದಿನ ಎದ್ದು ಕೂರುತ್ತದೆ. ಅಷ್ಟರಲ್ಲಿ ಯಾರು ಮಾಡಿದ್ದು, ಯಾವತ್ತು ಮಾಡಿದ್ದು ಎಂಬುದು ಎಲ್ಲರಿಗೂ ಮರೆತಿರುತ್ತದೆ.

ಹೊರಗಿನವರ ಕಣ್ಣಿಗೆ ಇದು ಮೂಟೆ ಹೊರುವ ಕೆಲಸ. ಹೊರುವುದು ನಿಜ. ಆದರೆ ಸಂಬಳ ಕೊಡುವುದು ಲೆಕ್ಕಕ್ಕೆ: ಕಂಪ್ಯೂಟರಿನಲ್ಲಿ ಒಂದು ಸಾಮಾನು 46 ಇದೆ ಎಂದಿದ್ದರೆ ರ್‍ಯಾಕಿನಲ್ಲೂ ಅಂಗಡಿಯಲ್ಲೂ ಸೇರಿ 46 ಇರಬೇಕು. ಮುಂದೆ ಹೇಳುವುದೆಲ್ಲ ಈ ಎರಡು ಸಂಖ್ಯೆ ಎಲ್ಲೆಲ್ಲಿ ಬೇರೆಯಾಗುತ್ತವೆ ಎಂಬುದರ ಬಗ್ಗೆಯೇ.

ಮೊದಲು ಇನ್‌ವರ್ಡ್, ಅಂದರೆ ಗಾಡಿಯಿಂದ ಮಾಲು ಒಳಗೆ ತೆಗೆದುಕೊಳ್ಳುವುದು. ಡ್ರೈವರಿಗೆ ಇನ್ನೂ ನಾಲ್ಕು ಅಂಗಡಿ ಬಾಕಿ ಇರುತ್ತದೆ, ‘ಬೇಗ ಸೈನ್ ಹಾಕಣ್ಣ’ ಎನ್ನುತ್ತಾನೆ. ಸಹಿ ಹಾಕುವ ಮುಂಚೆ ಮಾಡಲೇಬೇಕಾದ್ದು ಎರಡು. ಬಾಗಿಲಲ್ಲೇ ಬಾಕ್ಸ್ ಎಣಿಸಬೇಕು, ಎಣಿಸಿದ್ದನ್ನು ಇನ್ನೊಂದು ರಾಶಿಗೆ ಬೆರೆಸಬಾರದು. ಹರಿದ, ಒದ್ದೆಯಾದ, ಮರು ಟೇಪ್ ಹಚ್ಚಿದಂತೆ ಕಾಣುವ ಬಾಕ್ಸನ್ನು ಅವನ ಎದುರಿಗೇ ಬಿಚ್ಚಿ ನೋಡಬೇಕು. ಉದಾಹರಣೆಗೆ ಬಿಲ್ಲಿನಲ್ಲಿ 12 ಕೇಸ್, ಕೇಸಿಗೆ 24 ಪೀಸ್, ಒಟ್ಟು 288 ಎಂದಿದೆ. ಒಂದು ಕೇಸಿನಲ್ಲಿ ಮೂರು ಬಾಟಲಿ ಒಡೆದಿವೆ. ಆಗ ‘285 ಸರಿ, 3 ಡ್ಯಾಮೇಜ್’ ಎಂದು ಎರಡೂ ಪ್ರತಿಗಳಲ್ಲಿ ಬರೆದು, ಕೆಳಗೆ ಡ್ರೈವರ್ ಸಹಿ ಪಡೆಯಬೇಕು. ನಮ್ಮ ಪ್ರತಿಯಲ್ಲಿ ಮಾತ್ರ ಬರೆದುಕೊಂಡರೆ ಅದು ನಮ್ಮ ಡೈರಿ ಅಷ್ಟೇ, ಡಿಸ್ಟ್ರಿಬ್ಯೂಟರ್ ಒಪ್ಪುವುದಿಲ್ಲ. ಒಳಗಿನ ಪೀಸ್ ಎಣಿಸುವಷ್ಟು ಹೊತ್ತೇ ಇಲ್ಲವೆಂದರೆ ‘ಬಾಕ್ಸ್ ಮಾತ್ರ ಎಣಿಸಿದೆ, ಒಳಗಿನ ಎಣಿಕೆ ಬಾಕಿ’ ಎಂದಾದರೂ ಬರೆದು ಸಹಿ ಹಾಕಿ. ಐದು ಸೆಕೆಂಡಿನ ಕೆಲಸ.

ಆಮೇಲೆ ಬಿಲ್ಲನ್ನು ನಮ್ಮ ಆರ್ಡರ್ ಜೊತೆ ಹೋಲಿಸಿ ಕಂಪ್ಯೂಟರಿಗೆ ಏರಿಸುವುದು, ಅಂದರೆ ಜಿಆರ್‌ಎನ್ ಮಾಡುವುದು. ಇಲ್ಲಿ ಹೊಸಬರು ಎಡವುವುದು ಕೇಸ್ ಮತ್ತು ಪೀಸ್ ನಡುವೆ. ಹೊರಗಿನ ರಟ್ಟಿನ ಬಾಕ್ಸಿನ ಮೇಲೆ 14 ಅಂಕಿಯ ಬಾರ್‌ಕೋಡ್ ಇರುತ್ತದೆ, ಸುತ್ತ ದಪ್ಪ ಕಪ್ಪು ಚೌಕಟ್ಟಿನದು. ಒಳಗಿನ ಪ್ಯಾಕೆಟ್ಟಿನದು 13 ಅಂಕಿ, ಭಾರತದಲ್ಲಿ ನೋಂದಾಯಿಸಿದ ಕಂಪನಿಯದಾದರೆ 890ರಿಂದ ಶುರುವಾಗುತ್ತದೆ. ಕೆಲವು ಸಾಫ್ಟ್‌ವೇರಿನಲ್ಲಿ ಹೊರಗಿನದನ್ನು ಸ್ಕ್ಯಾನ್ ಮಾಡಿದರೆ ತಾನಾಗಿ 24 ಎಂದು ತೆಗೆದುಕೊಳ್ಳುತ್ತದೆ, ಕೆಲವದರಲ್ಲಿ 1 ಎಂದು. ನಿಮ್ಮ ಅಂಗಡಿಯದು ಯಾವ ಥರ ಎಂದು ಮೊದಲ ದಿನವೇ ಕೇಳಿ. 12 ಕೇಸನ್ನು 12 ಪೀಸ್ ಎಂದು ಏರಿಸಿದರೆ, 276 ಪೀಸ್ ಲೆಕ್ಕಕ್ಕೇ ಬರದೆ ರ್‍ಯಾಕಿನಲ್ಲಿ ಕೂತಿರುತ್ತವೆ. ಅತ್ತ ಕಂಪ್ಯೂಟರು ಸ್ಟಾಕ್ ಮುಗಿಯಿತೆಂದುಕೊಂಡು ಅದನ್ನೇ ಮತ್ತೆ ಆರ್ಡರ್ ಹಾಕುತ್ತದೆ.

ಇದಕ್ಕಿಂತ ಕೆಟ್ಟದ್ದು, ಹಳಬರೂ ನಾಚಿಕೆಯಿಲ್ಲದೆ ಮಾಡುವುದು ಒಂದಿದೆ. ಒಂದೇ ಬ್ರ್ಯಾಂಡಿನ ನೂಡಲ್ಸ್ ಮೂರು ರುಚಿಯಲ್ಲಿ ಬಂದಿರುತ್ತದೆ. ಬೆಲೆ ಒಂದೇ, ಗಾತ್ರ ಒಂದೇ. ಒಂದನ್ನು ಸ್ಕ್ಯಾನ್ ಮಾಡಿ ‘30’ ಎಂದು ಹೊಡೆದುಬಿಡುತ್ತಾರೆ. ಹಣದ ಲೆಕ್ಕದಲ್ಲಿ ವ್ಯತ್ಯಾಸ ಸೊನ್ನೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಕಂಪ್ಯೂಟರಿನಲ್ಲಿ ಮಸಾಲಾ 30 ಇದೆ, ರ್‍ಯಾಕಿನಲ್ಲಿ ಹತ್ತೇ. ಆ ಹತ್ತು ಮಾರಿಹೋದ ಮೇಲೂ ಇನ್ನೂ 20 ಇದೆ ಎಂದು ಅದು ನಂಬಿರುತ್ತದೆ, ಆರ್ಡರ್ ಹೋಗುವುದಿಲ್ಲ. ಅತಿ ಹೆಚ್ಚು ಓಡುವ ಸಾಮಾನಿನ ಜಾಗ ಎರಡು ವಾರ ಖಾಲಿ. ಮ್ಯಾನೇಜರ್ ಕಂಪನಿಯವರನ್ನು ಬೈಯುತ್ತಾರೆ. ಪ್ರತಿ ರುಚಿ, ಪ್ರತಿ ಗಾತ್ರ, ಪ್ರತಿ ಬಣ್ಣವನ್ನೂ ಬೇರೆ ಬೇರೆಯಾಗಿಯೇ ಸ್ಕ್ಯಾನ್ ಮಾಡಿ. ತಡವಾಗುತ್ತಿದೆ ಎಂದು ಯಾರಾದರೂ ಗೊಣಗಿದರೆ ಗೊಣಗಲಿ.

ಬಣ್ಣ ನಂಬಬೇಡಿ, ಅಕ್ಷರ ಓದಿ. ನಂದಿನಿ ಹಾಲಿನ ನೀಲಿ ಪ್ಯಾಕೆಟ್ ಕಣ್ಣಿಗೆ ಅದೇ ನೀಲಿ. ಆದರೆ 2024ರ ಜೂನಿನಲ್ಲಿ ಅದು 550 ಮಿಲಿಲೀಟರ್ ಆಯಿತು, 2025ರ ಏಪ್ರಿಲ್‌ನಲ್ಲಿ ಬೆಲೆಯ ಜೊತೆಗೆ ಅಳತೆಯೂ ಬದಲಾಗಿ ಮತ್ತೆ 500ಕ್ಕೆ ಬಂತು. ಅಕ್ಕಿಯದೂ ಹಾಗೇ. 2022ರ ಜುಲೈ 18ರಿಂದ ಲೇಬಲ್ ಇರುವ 25 ಕೆ.ಜಿ.ವರೆಗಿನ ಪ್ಯಾಕಿಗೆ ಶೇ 5ರಷ್ಟು ಜಿಎಸ್‌ಟಿ ಬಂದಮೇಲೆ 26 ಕೆ.ಜಿ. ಚೀಲಗಳು ಹುಟ್ಟಿಕೊಂಡವು. 25 ಮತ್ತು 26ರ ಚೀಲಗಳನ್ನು ಒಂದೇ ಅಟ್ಟಿಗೆ ಪೇರಿಸಿಟ್ಟರೆ ಆಮೇಲೆ ಬಿಡಿಸುವುದು ಯಾರು?

ಎಂಆರ್‌ಪಿ ಕಥೆ ಇನ್ನೊಂದು. ಬಾರ್‌ಕೋಡ್ ಒಂದೇ ಇದ್ದು ಎಂಆರ್‌ಪಿ ಎರಡಿರಬಹುದು. 2025ರ ಸೆಪ್ಟೆಂಬರ್ 22ರಂದು ಸೋಪು, ಟೂತ್‌ಪೇಸ್ಟ್, ಶಾಂಪೂ, ಬಿಸ್ಕತ್ತುಗಳ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಾಗ ಹಳೆ ಬೆಲೆಯ ಸ್ಟಾಕೂ ಹೊಸ ಬೆಲೆಯದೂ ಒಂದೇ ರ್‍ಯಾಕಿನಲ್ಲಿ ಕೂತವು. ಹೊಸ ಲೋಡು ಬಂದಾಗ ಒಂದು ಪೀಸ್ ಕೈಗೆ ತೆಗೆದುಕೊಂಡು ಪ್ಯಾಕಿನ ಮೇಲಿನ ಬೆಲೆ, ಬಿಲ್ಲಿನ ಬೆಲೆ, ಕಂಪ್ಯೂಟರಿನ ಬೆಲೆ ಮೂರೂ ಒಂದೇನಾ ಎಂದು ನೋಡಿ. ಬೇರೆಯಿದ್ದರೆ ಅಂಗಡಿಯೊಳಗೆ ಬಿಡದೆ ಮೇಲಿನವರಿಗೆ ತಿಳಿಸಿ. ಎಂಆರ್‌ಪಿಗಿಂತ ಒಂದು ರೂಪಾಯಿ ಹೆಚ್ಚು ತೆಗೆದುಕೊಂಡರೂ ಗಿರಾಕಿ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ಬೈಗುಳ ತಿನ್ನುವುದು ಕೌಂಟರಿನ ಹುಡುಗಿ, ತಪ್ಪು ಆಗಿರುವುದು ಹಿಂದಿನ ಶಟರಿನಲ್ಲಿ, ಅಂದರೆ ಮಾಲು ಒಳಗೆ ಬರುವ ಬಾಗಿಲಲ್ಲಿ.

ಇನ್ನು ತಾರೀಖು. ಮೊದಲು ಬಂದದ್ದು ಮೊದಲು ಹೋಗಲಿ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ತಿನ್ನುವ ಸಾಮಾನಿಗೆ ಅದು ಸಾಲದು, ಮೊದಲು ಮುಗಿಯುವುದು ಮೊದಲು ಹೋಗಬೇಕು. ಡಿಸ್ಟ್ರಿಬ್ಯೂಟರ್ ಗೋಡೌನಿನಲ್ಲಿ ಮೂಲೆಗೆ ಬಿದ್ದಿದ್ದ ಹಳೆ ಬ್ಯಾಚು ಹೊಸ ಬ್ಯಾಚಿನ ನಂತರ ನಮಗೆ ಬರುವುದು ಅಪರೂಪವೇನಲ್ಲ. ಅದಕ್ಕೇ ಬಾಕ್ಸ್ ಒಳಗಿಡುವಾಗಲೇ ಎದುರಿಗೆ ಕಾಣುವ ಬದಿಯಲ್ಲಿ ದಪ್ಪ ಮಾರ್ಕರಿನಿಂದ ಮುಗಿಯುವ ತಿಂಗಳು, ವರ್ಷ ಬರೆಯಿರಿ: 03/27 ಎಂಬಂತೆ, ಅಂಗೈ ಅಗಲದ ಅಕ್ಷರದಲ್ಲಿ. ಬಂದ ದಿನವನ್ನು ಬರೆಯುವುದಿದ್ದರೆ ಬೇರೆ ಮೂಲೆಯಲ್ಲಿ ಚಿಕ್ಕದಾಗಿ. ಎರಡನ್ನೂ ಒಂದೇ ಥರ ಬರೆದರೆ ಗಲಿಬಿಲಿ. ತಯಾರಾದ ದಿನದ ಜೊತೆ ‘ತಯಾರಾದ 6 ತಿಂಗಳೊಳಗೆ ಬಳಸಿ’ ಎಂದಷ್ಟೇ ಇರುವ ಪ್ಯಾಕೆಟ್ಟೂ ಕೈಗೆ ಸಿಕ್ಕೀತು. ಅದನ್ನು ಬೆರಳೆಣಿಸಿಯೇ ಬರೆಯಬೇಕು. ವಿದೇಶಿ ಚಾಕೊಲೇಟಿನಲ್ಲಿ ತಿಂಗಳು ಮೊದಲು, ದಿನ ಆಮೇಲೆ ಇರಬಹುದು. 05/11 ಎಂದರೆ ಮೇ ತಿಂಗಳೋ ನವೆಂಬರೋ ಎಂದು ಪಕ್ಕದ ಆಮದು ಸ್ಟಿಕ್ಕರ್ ನೋಡಿ ಖಚಿತಪಡಿಸಿಕೊಳ್ಳಿ. ಅವಧಿ ಹತ್ತಿರವಾದ ಮಾಲನ್ನು ಡಿಸ್ಟ್ರಿಬ್ಯೂಟರ್ ವಾಪಸ್ ತೆಗೆದುಕೊಳ್ಳುವುದಕ್ಕೂ ಒಂದು ಗಡುವಿರುತ್ತದೆ, ಅದು ಕಂಪನಿಯಿಂದ ಕಂಪನಿಗೆ ಬೇರೆ. ಆ ಪಟ್ಟಿ ಆಫೀಸಿನಲ್ಲಿ ಇದ್ದೇ ಇರುತ್ತದೆ. ಕೇಳಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ರಿಫಿಲ್ ಮಾಡುವಾಗ ಹೊಸದನ್ನು ಮುಂದೆ ತುರುಕುವುದು ಸುಲಭ. ಹಳೆಯದನ್ನು ಈಚೆ ತೆಗೆದು, ಹೊಸದನ್ನು ಹಿಂದಿಟ್ಟು, ಹಳೆಯದನ್ನು ಮುಂದೆ ಜೋಡಿಸಬೇಕು. ಅರ್ಧ ನಿಮಿಷ ಹೆಚ್ಚು ಹಿಡಿಯುತ್ತದೆ. ಶೆಲ್ಫಿನ ಹಿಂದಿನ ಸಾಲಿನಲ್ಲಿ ಎಕ್ಸ್‌ಪೈರಿ ಸಿಗುವುದು ಆ ಅರ್ಧ ನಿಮಿಷ ಉಳಿಸಿದ್ದರಿಂದ.

ಜೋಡಣೆ. ಭಾರದ್ದು ಕೆಳಗೆ, ದಿನವೂ ಹತ್ತು ಸಲ ತೆಗೆಯುವುದು ಸೊಂಟದಿಂದ ಎದೆಯ ಎತ್ತರದಲ್ಲಿ, ಅಪರೂಪದ್ದು ಮೇಲೆ. ರಟ್ಟಿನ ಬಾಕ್ಸಿನ ಬಲವೆಲ್ಲ ನಾಲ್ಕು ಮೂಲೆಗಳಲ್ಲಿ. ಮೂಲೆಯ ಮೇಲೆ ಮೂಲೆ ಬರುವಂತೆ ಪೇರಿಸಿದರೆ ಹೆಚ್ಚು ಭಾರ ತಾಳುತ್ತದೆ. ಇಟ್ಟಿಗೆ ಗೋಡೆಯಂತೆ ಅಡ್ಡಡ್ಡ ಜೋಡಿಸಿದರೆ ರಾಶಿ ವಾಲುವುದಿಲ್ಲ, ಆದರೆ ಕೆಳಗಿನ ಬಾಕ್ಸ್ ಬೇಗ ಕುಗ್ಗುತ್ತದೆ. ಹಾಗಾಗಿ ಕೆಳಗಿನ ಸಾಲುಗಳನ್ನು ನೇರಕ್ಕೆ ಪೇರಿಸಿ, ಮೇಲಿನ ಒಂದು ಸಾಲನ್ನು ಮಾತ್ರ ಅಡ್ಡ ಇಡುವುದು ಒಳ್ಳೆಯದು. ಬಾಕ್ಸಿನ ಮೇಲೆ ಬಾಣ, ಗ್ಲಾಸು, ಛತ್ರಿ ಚಿತ್ರಗಳ ಪಕ್ಕ ಒಂದು ಸಂಖ್ಯೆಯೂ ಇದ್ದರೆ, ಅದು ಒಂದರ ಮೇಲೊಂದು ಎಷ್ಟು ಇಡಬಹುದೆಂಬ ಮಿತಿ. ಚಿಪ್ಸ್ ಬಾಕ್ಸಿನ ಮೇಲೆ ಏನನ್ನೂ ಇಡಬೇಡಿ, ಬೇರೆ ಚಿಪ್ಸ್ ಬಾಕ್ಸನ್ನು ಬಿಟ್ಟು.

ವಾಸನೆಯ ವಿಷಯ ಯಾರೂ ಹೇಳುವುದಿಲ್ಲ. ಟೀಪುಡಿ, ಹಿಟ್ಟು, ಅಕ್ಕಿ ಪಕ್ಕದ ವಾಸನೆಯನ್ನು ಎಳೆದುಕೊಳ್ಳುತ್ತವೆ. ಅಗರಬತ್ತಿ, ಕರ್ಪೂರ, ಫಿನಾಯಿಲ್, ಡಿಟರ್ಜೆಂಟ್ ಇವನ್ನು ತಿನ್ನುವ ಸಾಮಾನಿನ ಪಕ್ಕವಾಗಲೀ ಮೇಲಾಗಲೀ ಇಡಬಾರದು. ಮೇಲಿಟ್ಟ ಫಿನಾಯಿಲ್ ಬಾಟಲಿಯ ಮುಚ್ಚಳ ಸಡಿಲವಿದ್ದರೆ ಕೆಳಗಿನ ಗೋಧಿಹಿಟ್ಟು ಅಷ್ಟೂ ಡ್ಯಾಮೇಜ್. ಯಾವ ಚೀಲವನ್ನೂ ನೆಲಕ್ಕೆ ತಾಗಿಸಿಡಬೇಡಿ, ಪ್ಯಾಲೆಟ್ಟಿನ, ಅಂದರೆ ಅಡಿಯಲ್ಲಿ ಸಂದು ಇರುವ ಹಲಗೆ ಚೌಕಟ್ಟಿನ, ಮೇಲಿಡಿ, ಗೋಡೆಗೂ ಒಂದು ಗೇಣು ಜಾಗ ಬಿಡಿ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿ ಕಡೆ, ನೆಲದ ತೇವ ನೇರವಾಗಿ ಬೆಲ್ಲ, ಸಕ್ಕರೆಗೆ ಏರುತ್ತದೆ. ಗೋಡೆಯ ಸಂದು ಬಿಟ್ಟರೆ ಇಲಿ ಹಿಕ್ಕೆ ಬಿದ್ದಿದ್ದು ಗುಡಿಸುವಾಗ ಕಾಣುತ್ತದೆ. ಕರೆಂಟ್ ಬೋರ್ಡಿನ ಮುಂದೆ ಒಂದು ಮೀಟರ್ ಖಾಲಿ ಇರಬೇಕು. ದೀಪಾವಳಿಯ ಲೋಡು ಬಂದಾಗ ಎಲ್ಲರ ಕಣ್ಣೂ ಮೊದಲು ಬೀಳುವುದು ಆ ಜಾಗದ ಮೇಲೇ.

ಒಂದೇ ಗಾಡಿಯಲ್ಲಿ ಎಲ್ಲ ಬಂದರೆ ಇಳಿಸುವ ಕ್ರಮ ಹೀಗೆ: ಫ್ರೋಜನ್, ಆಮೇಲೆ ಹಾಲು, ಮೊಸರು, ಪನೀರು, ಕೊನೆಗೆ ಉಳಿದದ್ದು. ಫ್ರೀಜರು ಮೈನಸ್ 18 ಡಿಗ್ರಿ, ಚಿಲ್ಲರು 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ. ಐಸ್‌ಕ್ರೀಮ್ ಮೆತ್ತಗಾಗಿ ಮತ್ತೆ ಗಟ್ಟಿಯಾದರೆ ಒಳಗೆಲ್ಲ ಮರಳಿನಂಥ ಹರಳು. ಡಬ್ಬದ ಆಕಾರ ಸೊಟ್ಟಗಿದ್ದರೆ, ಮುಚ್ಚಳದ ಅಂಚಿನಲ್ಲಿ ಸೋರಿ ಹೆಪ್ಪುಗಟ್ಟಿದ ಗುರುತಿದ್ದರೆ ದಾರಿಯಲ್ಲೇ ಕರಗಿದೆ ಎಂದರ್ಥ, ತೆಗೆದುಕೊಳ್ಳಬೇಡಿ. ಚಿಲ್ಲರಿನೊಳಗೆ ಗಾಳಿ ಬರುವ ಕಿಂಡಿಗೆ ಅಡ್ಡವಾಗಿ ಕ್ರೇಟ್ ಇಟ್ಟರೆ ಮೀಟರ್ 4 ಡಿಗ್ರಿ ತೋರಿಸುತ್ತಿದ್ದರೂ ಮೂಲೆಯ ಮೊಸರು ಹುಳಿಯಾಗುತ್ತದೆ. ಹಾಲಿನ ಗಾಡಿಗೆ ವಾಪಸ್ ಕೊಡುವ ಖಾಲಿ ಕ್ರೇಟನ್ನೂ ಎಣಿಸಿ ಬರೆಸಿಕೊಳ್ಳಿ. ತಿಂಗಳ ಕೊನೆಗೆ ಅದರದೇ ಒಂದು ದೊಡ್ಡ ಜಗಳ.

ಕಟರಿನ ಅಲಗು ಟೇಪಿನ ದಪ್ಪಕ್ಕಷ್ಟೇ ಹೊರಗಿರಲಿ. ಬಾಕ್ಸಿನ ಮಧ್ಯದ ಟೇಪಿನ ಮೇಲೆ ಆಳವಾಗಿ ಎಳೆದರೆ ಮೇಲಿನ ಸಾಲಿನ ಪ್ಯಾಕೆಟ್ಟುಗಳೆಲ್ಲ ಸೀಳುತ್ತವೆ. ಎರಡು ಬದಿಯ ಟೇಪು ಮೊದಲು ಕತ್ತರಿಸಿ, ನಡುವಿನದನ್ನು ತೆಳ್ಳಗೆ ಗೀರಿ ಕೈಯಿಂದ ಬಿಡಿಸಿ. ಅಲಗು ಎಂದೂ ನಿಮ್ಮ ಕಡೆಗೆ ಬರಬಾರದು, ಬಾಕ್ಸ್ ಹಿಡಿದ ಕೈ ಅದರ ದಾರಿಯಲ್ಲಿ ಇರಬಾರದು. ಮೊಂಡಾದ ಅಲಗೇ ಹೆಚ್ಚು ಕೈ ಕೊಯ್ಯುವುದು, ಏಕೆಂದರೆ ಒತ್ತಬೇಕಾಗುತ್ತದೆ. 15 ಕೆ.ಜಿ. ಎಣ್ಣೆ ಟಿನ್ನನ್ನು ಅದರ ತೆಳು ತಂತಿ ಹಿಡಿಕೆಯಲ್ಲಿ ಹಿಡಿದು ಓಡಾಡಬೇಡಿ. ಮಂಡಿ ಮಡಿಸಿ, ತಳಕ್ಕೆ ಕೈ ಕೊಟ್ಟು, ಹೊಟ್ಟೆಗೆ ಒತ್ತಿಕೊಂಡು ಎತ್ತಿ. ತಿರುಗುವುದಿದ್ದರೆ ಪಾದ ತಿರುಗಿಸಿ, ಸೊಂಟ ತಿರುಚಬೇಡಿ. ಅಕ್ಕಿ ಚೀಲಕ್ಕೆ ಇಬ್ಬರು. ಮೇಲಿನ ಸಾಲಿಗೆ ಏಣಿ ಹಾಕಿ, ರ್‍ಯಾಕ್ ಹತ್ತಬೇಡಿ.

ಕೈಗಾಡಿಯ, ಅಂದರೆ ಪ್ಯಾಲೆಟ್ ಟ್ರಕ್ಕಿನ, ಹಿಡಿಕೆಯ ಲಿವರಿಗೆ ಮೂರು ಸ್ಥಾನ: ಎತ್ತಲು, ಸಾಗಿಸಲು, ಇಳಿಸಲು. ಖಾಲಿ ಗಾಡಿಯಲ್ಲಿ ಹತ್ತು ಸಲ ಮಾಡಿ ನೋಡಿದ ಮೇಲೆ ಭಾರ ಹಾಕಿ. ಅದರ ಮೇಲೆ 2.5 ಟನ್ ಎಂದು ಬರೆದಿದ್ದರೂ ನಿಲ್ಲಿಸಬೇಕಾದವರು ನೀವು. ಇಳಿಜಾರಿನಲ್ಲಿ ಭಾರದ ಕೆಳಗಿನ ಕಡೆ ಎಂದೂ ನಿಲ್ಲಬೇಡಿ.

ಡ್ಯಾಮೇಜ್ ಮಾಲಿನದು ಬೇರೆಯೇ ಒಂದು ರೋಗ. ಒಡೆದ ಬಾಟಲಿಯನ್ನು ಕಸಕ್ಕೆ ಹಾಕಿ ಸುಮ್ಮನಾದರೆ ಕಂಪ್ಯೂಟರಿನಲ್ಲಿ ಅದು ಇನ್ನೂ ಬದುಕಿರುತ್ತದೆ. ಎಣಿಕೆಯ ದಿನ ಅದು ‘ಕಳವು’ ಆಗುತ್ತದೆ. ಬಾರ್‌ಕೋಡ್ ಇರುವ ತುಂಡನ್ನು ಎತ್ತಿಟ್ಟು, ಅದೇ ದಿನ ಡ್ಯಾಮೇಜ್ ಎಂಟ್ರಿ ಮಾಡಿಸಿ, ಆಮೇಲೆ ಎಸೆಯಿರಿ. ಸ್ಕೀಮಿನಲ್ಲಿ ಬಂದ ಫ್ರೀ ಮಗ್ಗು, ಡಬ್ಬಿಗಳೂ ಲೆಕ್ಕದ ಸಾಮಾನೇ.

ಸ್ಕ್ಯಾನರಿಗೆ ನಿಮ್ಮದೇ ಲಾಗಿನ್ ಕೇಳಿ ಪಡೆಯಿರಿ. ‘ಸದ್ಯಕ್ಕೆ ನನ್ನದರಲ್ಲೇ ಮಾಡು’ ಎಂದು ಹಳಬರು ಕೊಟ್ಟರೆ ನಯವಾಗಿ ಬೇಡವೆನ್ನಿ. ನಿಮ್ಮದನ್ನೂ ಯಾರಿಗೂ ಕೊಡಬೇಡಿ. ಸ್ಟಾಕ್ ಕಡಿಮೆ ಬಂದಾಗ ಸಂಬಳದಲ್ಲಿ ಹಿಡಿಯುತ್ತೇವೆ ಎಂಬ ಬೆದರಿಕೆ ಈ ಕೆಲಸದಲ್ಲಿ ಮಾಮೂಲು. ಕಾನೂನಿನ ಪ್ರಕಾರ ಹಾಗೆ ಹಿಡಿಯಬೇಕಾದರೆ ಆ ಮಾಲನ್ನು ನಿರ್ದಿಷ್ಟವಾಗಿ ನಿಮ್ಮ ವಶಕ್ಕೆ ಕೊಟ್ಟಿರಬೇಕು, ನಷ್ಟ ನಿಮ್ಮ ನಿರ್ಲಕ್ಷ್ಯದಿಂದಲೇ ಆಗಿರಬೇಕು, ವಿವರಣೆ ಕೊಡಲು ನಿಮಗೆ ಅವಕಾಶ ಸಿಕ್ಕಿರಬೇಕು. ಎಲ್ಲರ ತಲೆಗೂ ಸಮನಾಗಿ ಹಂಚುವುದು ಇದರಲ್ಲಿ ಬರುವುದಿಲ್ಲ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಸೇರಿದ 30 ದಿನದೊಳಗೆ ನೇಮಕಾತಿ ಪತ್ರ ಕೊಡಬೇಕು, ಹೆಚ್ಚಿನ ಗಂಟೆಗಳಿಗೆ ದುಪ್ಪಟ್ಟು ಕೂಲಿ ಕೊಡಬೇಕು. ಇಎಸ್‌ಐ (ನೌಕರರ ರಾಜ್ಯ ವಿಮೆ) ಎಂದು ಸಂಬಳದಲ್ಲಿ ಶೇ 0.75 ಕಡಿತವಾಗುತ್ತಿದ್ದರೆ ಕಾರ್ಡಿನ ನಂಬರ್ ಕೇಳಿ ಇಟ್ಟುಕೊಳ್ಳಿ. ಕೆಲಸದಲ್ಲಿ ಗಾಯವಾದರೆ ಅದರ ಸೌಲಭ್ಯ ಮೊದಲ ದಿನದಿಂದಲೇ ಇದೆ.

ಕೊನೆಗೆ ಒಂದು ಜೇಬು ಪುಸ್ತಕ. ಶಿಫ್ಟ್ ಬಿಡುವ ಮುಂಚೆ ಮೂರು ಸಾಲು ಬರೆಯಿರಿ: ಮಾಲು ಇಳಿದರೂ ಕಂಪ್ಯೂಟರಿಗೆ ಏರಿಸದ ಬಿಲ್ಲು ಯಾವುದು, ಅರ್ಧ ಬಿಚ್ಚಿದ ಬಾಕ್ಸ್ ಎಲ್ಲಿದೆ, ಯಾವ ಮಾಲು ವಾಪಸ್ ಹೋಗಲು ಕಾಯುತ್ತಿದೆ. ಹಾಳೆಯ ಫೋಟೋ ತೆಗೆದು ಮಧ್ಯಾಹ್ನದ ಶಿಫ್ಟಿನ ಅಕ್ಕನಿಗೋ ಅಣ್ಣನಿಗೋ ಕಳಿಸಿ. ಇಲ್ಲದಿದ್ದರೆ ಬೆಳಿಗ್ಗೆ ನೀವು ಏರಿಸದೆ ಬಿಟ್ಟ ಬಿಲ್ಲನ್ನು ಅವರು ಏರಿಸಿ, ಮಾರನೇ ದಿನ ನೀವೂ ಏರಿಸಿ, 285 ಬಾಟಲಿ 570 ಆಗಿರುತ್ತದೆ.