ಘಾಟಿ ಇಳಿಯುವಾಗ ಪಟಪಟ

ಮಡಿಕೇರಿಯಿಂದ ಸುಳ್ಯ ಕಡೆ ಸಂಪಾಜೆ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟ ತಕ್ಷಣ ಬೈಕಿನ ಸೈಲೆನ್ಸರ್ ಪಟಪಟ ಅಂತಿದ್ಯಾ? ಪೆಟ್ರೋಲ್-ಗಾಳಿ ಬೆರೆಸೋ ಕಾರ್ಬುರೇಟರ್‌ಗೆ ಕೈ ಹಾಕೋ ಮೊದಲು ಸೈಲೆನ್ಸರ್ ಬೆಂಡ್ (ಬಾಗಿದ ಪೈಪ್) ಇಂಜಿನ್‌ಗೆ ಸೇರುವ ಜಾಗ ನೋಡಿ. ಸುತ್ತ ಕಪ್ಪು ಮಸಿ ಇದ್ದರೆ ಅಲ್ಲಿನ ಸಂದು ಮುಚ್ಚೋ ಗ್ಯಾಸ್ಕೆಟ್ ಲೀಕ್. ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಸೋಪಿನ ನೀರು ಬಿಡಿ, ಗುಳ್ಳೆ ಎದ್ದರೆ ಖಾತ್ರಿ. ಅಲ್ಲಿಂದ ಹೊರಗಿನ ಗಾಳಿ ನುಗ್ಗಿ, ಉರಿಯದೆ ಉಳಿದ ಪೆಟ್ರೋಲ್ ಸೈಲೆನ್ಸರ್ ಒಳಗೇ ಹೊತ್ತಿಕೊಳ್ಳುತ್ತೆ. ಸೈಲೆನ್ಸರ್ ಬಿಚ್ಚಿದಾಗಲೆಲ್ಲ ಹೊಸ ಗ್ಯಾಸ್ಕೆಟ್ಟೇ ಹಾಕಬೇಕು. ಹಳೇದನ್ನೇ ತುರುಕೋ ಉಳಿತಾಯ ಯಾಕೋ ನಮ್ಮಲ್ಲಿ ಜಾಸ್ತಿ. ಕೊಡಗಿನ ಮಳೆಗೆ ನಟ್ಟು ತುಕ್ಕು ಹಿಡಿದಿರುತ್ತೆ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸೋ ಎಣ್ಣೆ ಬಿಟ್ಟಿಡಿ. ಇಲ್ಲಾಂದ್ರೆ ನಟ್ಟು ಕೂರೋ ಸ್ಟಡ್ ಮುರಿದು ಕೈಗೆ ಬರುತ್ತೆ.

ಲೀಕ್ ಇಲ್ವಾ? ಹಾಗಾದ್ರೆ ಮಿಕ್ಸ್ಚರ್ ಲೀನ್ ಆಗಿರಬಹುದು, ಅಂದ್ರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಮ್ಮಿ. ಮಡಿಕೇರಿಯ ತೆಳು ಗಾಳಿಯಲ್ಲಿ, ಮೈಲೇಜ್ ಆಸೆಗೆ ಪೆಟ್ರೋಲ್ ಕಮ್ಮಿ ಮಾಡಿ ಟ್ಯೂನ್ ಮಾಡಿಸಿದ ಕಾರ್ಬುರೇಟರ್ ಗಾಡಿ ಸುಳ್ಯ ಕಡೆ ಇಳಿದಷ್ಟೂ ಗಾಳಿ ದಟ್ಟವಾಗಿ ಇನ್ನೂ ಲೀನ್ ಆಗುತ್ತೆ. ಇಂಜಿನ್ ಬಿಸಿ ಇದ್ದಾಗ ಸರಿಮಾಡಿ: ಕಾರ್ಬುರೇಟರ್‌ನ ಮಿಕ್ಸ್ಚರ್ ಸ್ಕ್ರೂ ಇಂಜಿನ್ ಕಡೆಗಿದ್ದರೆ ಒಮ್ಮೆಗೆ ಕಾಲು ಸುತ್ತು ಹೊರಗೆ, ಏರ್ ಫಿಲ್ಟರ್ ಕಡೆಗಿದ್ದರೆ ಒಮ್ಮೆಗೆ ಕಾಲು ಸುತ್ತು ಒಳಗೆ. ಇಂಜಿನ್ ಕಡೆಯ ಸ್ಕ್ರೂ ಪೂರ್ತಿ ಮುಚ್ಚಿದಲ್ಲಿಂದ ಮೂರು ಸುತ್ತು ಹೊರಬಂದರೂ ಸದ್ದು ನಿಲ್ಲದಿದ್ದರೆ ಐಡಲ್‌ನಲ್ಲಿ ಪೆಟ್ರೋಲ್ ಬಿಡೋ ಸಣ್ಣ ತೂತಿನ ಪೈಲಟ್ ಜೆಟ್ ಕಟ್ಟಿಕೊಂಡಿದೆಯಾ, ಕಾರ್ಬುರೇಟರನ್ನು ಇಂಜಿನ್‌ಗೆ ಸೇರಿಸೋ ರಬ್ಬರ್ ಬಿರುಕು ಬಿಟ್ಟಿದೆಯಾ ನೋಡಿ.