ಪಂಪ್ ಈಗಲೇ ಬೇಡ, ಸ್ಕೇಲ್ ಇಟ್ಟುಕೊಳ್ಳಿ

ಕುಬಸ, ಅಂದರೆ ಸೀಮಂತ, ಮುಗಿದು ಎರಡು ವಾರ ಆಯ್ತು. ಮೊನ್ನೆ ಹುಬ್ಬಳ್ಳಿಯಿಂದ ಗದಗಿನ ತವರುಮನೆಗೆ ಬಂದೆ. ಅವ್ವ ಆಗಲೇ ಅಂಟು, ಅಳ್ವಿ, ಒಣಕೊಬ್ಬರಿ ತಂದು ಡಬ್ಬಿ ತುಂಬಿಸಿಟ್ಟಿದ್ದಾಳೆ. ನನ್ನ ಗೆಳತಿಯರು ಫೋನ್ ಮಾಡಿದಾಗೆಲ್ಲ ಕೇಳೋದು ಒಂದೇ, ಎದೆಹಾಲು ತೆಗೆಯೋ ಬ್ರೆಸ್ಟ್ ಪಂಪ್ ತಗೊಂಡಿಯಾ, ಯಾವುದು? ತಗೊಂಡಿಲ್ಲ. ಬೇಕಂತಲೇ ತಗೊಂಡಿಲ್ಲ. ಯಾಕೆ ಅಂತ ಒಬ್ಬೊಬ್ಬರಿಗೇ ಹೇಳೋ ಬದಲು ಇಲ್ಲೇ ಬರೀತಿದ್ದೇನೆ.

ಮೊದಲನೇ ಮಗನ ಸಲ ಎಂಟನೇ ತಿಂಗಳಲ್ಲೇ ಆನ್‌ಲೈನ್‌ನಲ್ಲಿ ದೊಡ್ಡ ಕಿಟ್ ತರಿಸಿದ್ದೆ. ಎಲೆಕ್ಟ್ರಿಕ್ ಪಂಪ್, ಬಾಟಲಿಗಳು, ಚೀಲಗಳು, ಬ್ರಷ್‌ಗಳು, ಏನೇನೋ. ಹೆರಿಗೆಯಾಗಿ ಮೂರು ವಾರಕ್ಕೆ ಪಂಪ್ ಹಚ್ಚಿದೆ. ಕಣ್ಣಲ್ಲಿ ನೀರು ಬರುವಷ್ಟು ನೋವು. ಅರ್ಧ ತಾಸು ಕೂತರೂ ಬಾಟಲಿಯ ತಳ ಒದ್ದೆಯಾದರೆ ದೊಡ್ಡದು. ಮನೆಗೆ ಬಂದವರೆಲ್ಲ ಹಾಲು ಕಮ್ಮಿ ಅಂದರು, ನಾನೂ ನಂಬಿಬಿಟ್ಟೆ. ರಾತ್ರಿ ಮಗುವನ್ನು ಎತ್ತಿಕೊಂಡು ಅತ್ತಿದ್ದು ಈಗಲೂ ನೆನಪಿದೆ.

ನಮ್ಮ ವೈನಿ (ಅತ್ತಿಗೆ) ನರ್ಸ್. ಒಂದು ದಿನ ಪಕ್ಕದಲ್ಲಿ ಕೂತು, ಪಂಪ್ ನಡೀತಿರುವಾಗ ಬಗ್ಗಿ ನೋಡಿದಳು. ಎದೆಗೆ ಹಚ್ಚುವ ಆ ಪಾರದರ್ಶಕ ಕೊಳವೆ ಇದೆಯಲ್ಲ, ಫ್ಲೇಂಜ್ ಅಂತಾರೆ, ಅದರೊಳಗೆ ತೊಟ್ಟು ಮಾತ್ರ ಹೋಗಬೇಕು. ನನ್ನದರಲ್ಲಿ ಸುತ್ತಲಿನ ಕಪ್ಪು ಭಾಗವೂ ಎಳೆದುಕೊಂಡು ಹೋಗಿ ಕೊಳವೆ ತುಂಬ ಉಬ್ಬಿ ನಿಂತಿತ್ತು. "ನಿನಗ ಹಾಲು ಕಮ್ಮಿ ಇಲ್ಲವಾ, ಇದು ನಿನ್ನ ಅಳತೀದಲ್ಲ" ಅಂದಳು. ತನ್ನ ಮಗನ ಪೆನ್ಸಿಲ್ ಬಾಕ್ಸಿನಿಂದ ಸ್ಕೇಲ್ ತಂದು ಅಳೆದಳು. ತೊಟ್ಟಿನ ಅಡ್ಡಗಲ 17 ಮಿಲಿಮೀಟರ್. ಕಿಟ್‌ನಲ್ಲಿ ಬಂದದ್ದು 28ರ ಫ್ಲೇಂಜ್! ತೊಟ್ಟಿನ ಅಳತೆಗಿಂತ 2ರಿಂದ 4 ಮಿಲಿಮೀಟರ್ ಜಾಸ್ತಿ ಇದ್ದರೆ ಸಾಕು, ಅಂದರೆ ನನಗೆ 21 ಬೇಕಿತ್ತು. ಒಳಗೆ ಕೂರಿಸುವ ಸಿಲಿಕಾನ್ ಇನ್ಸರ್ಟ್ ತರಿಸಿದೆವು. ನೋವು ಹೋಯ್ತು, ಹಾಲೂ ಬಂತು. ಅಷ್ಟು ದಿನ ಸುಮ್ನೆ ನನ್ನ ಮೈಯನ್ನೇ ಬೈದುಕೊಂಡಿದ್ದೆ. ಕಿಟ್ ಮಾರಿದವರು ಒಮ್ಮೆ ತೆರೆದದ್ದನ್ನು ವಾಪಸ್ ತಗೊಳ್ಳಲ್ಲ ಅಂದರು.

 

ಹೆರಿಗೆಗೆ ಮುಂಚೆ ಅಳೆದರೂ ಆ ಅಳತೆ ಉಳಿಯಲ್ಲ, ಹಾಲು ಇಳಿದ ಮೇಲೆ ತೊಟ್ಟು ದಪ್ಪ ಆಗಬಹುದು, ಎಡಕ್ಕೂ ಬಲಕ್ಕೂ ಬೇರೆ ಬೇರೆ ಅಳತೆ ಬರೋದೂ ಉಂಟು. ಅದಕ್ಕೇ ಈ ಸಲ ಯಾವ ತರಹದ್ದು ಅಂತ ಮಾತ್ರ ತೀರ್ಮಾನ ಮಾಡಿ ಇಟ್ಟಿದ್ದೇನೆ, ಅಳತೆ ನೋಡಿದ ಮೇಲೆ ಆರ್ಡರ್. ಮೊದಲ ದಿನಗಳಿಗೆ ಪಂಪ್ ಅಷ್ಟು ಉಪಯೋಗಕ್ಕೂ ಬರಲ್ಲ. ಗಿಣ್ಣದ ಹಾಗೆ ಬರುವ ಆ ಹಳದಿ ಹಾಲು ಕೆಲವೇ ಹನಿ, ಗಟ್ಟಿ, ಕೊಳವೆಗೇ ಅಂಟಿಕೊಂಡು ಹೋಗುತ್ತದೆ. ಕೈಯಿಂದ ಹಿಂಡಿ ಚಮಚಕ್ಕೆ ಹಿಡಿಯೋದೇ ಒಳ್ಳೇದು. ಅದನ್ನು ಆಸ್ಪತ್ರೆಯಲ್ಲಿ ಕೇಳಿ ಕಲಿತುಕೊಳ್ಳಿ.

ನಾನು ತರಿಸೋದು ಚಾರ್ಜ್ ಆಗುವ ಬ್ಯಾಟರಿ ಇರೋದು, ಎರಡೂ ಕಡೆ ಒಟ್ಟಿಗೆ ತೆಗೆಯೋದು. ಕರೆಂಟ್ ಹೋದಾಗ ಎದೆ ಕಲ್ಲಾಗಿ ಕೂತಿರೋಕೆ ಆಗಲ್ಲ. ಕ್ಲೋಸ್ಡ್ ಸಿಸ್ಟಮ್ ಇರಬೇಕು, ಅಂದರೆ ಹಾಲಿಗೂ ಮೋಟಾರಿಗೂ ನಡುವೆ ಒಂದು ಪರದೆ, ಹಾಲು ಟ್ಯೂಬಿನೊಳಗೆ ಹೋಗಿ ಬೂಸು ಹಿಡಿಯಲ್ಲ. ಮತ್ತೆ ಬಿಡಿಭಾಗಗಳು ಕಮ್ಮಿ ಇರಬೇಕು. ನಮ್ಮ ಮನೆಗೆ ನಳ ದಿನಾ ಬರಲ್ಲ, ತುಂಬಿಟ್ಟ ನೀರಲ್ಲೇ ಎಲ್ಲ. ಪ್ರತಿ ಸಲ ಹಾಲು ತಾಗಿದ ಹತ್ತು ಭಾಗ ತೊಳೆಯೋದಕ್ಕೂ ನಾಲ್ಕು ತೊಳೆಯೋದಕ್ಕೂ ಎಷ್ಟು ಫರಕು ಅಲ್ವಾ?

ಜೊತೆಗೆ ಒಂದು ಜೋಡಿ ಹೆಚ್ಚಿನ ವಾಲ್ವ್ ತಗೊಳ್ಳಿ. ಬಾತುಕೋಳಿ ಕೊಕ್ಕಿನ ಹಾಗಿರುವ ಪುಟ್ಟ ಬಿಳಿ ರಬ್ಬರ್ ತುಂಡು ಅದು. ನಾನು ಬ್ರಷ್ ಹಾಕಿ ತಿಕ್ಕಿ ಅದರ ಸೀಳನ್ನು ಹರಿದಿದ್ದೆ, ಆಮೇಲೆ ಮೋಟಾರ್ ಸದ್ದು ಮಾಡುತ್ತಿತ್ತು, ಎಳೆತವೇ ಇರಲಿಲ್ಲ. ಪಂಪ್ ಕೆಟ್ಟಿತು ಅಂತ ಎಸೆಯೋ ಮುಂಚೆ ವಾಲ್ವ್ ನೋಡಿ. ತೊಳೆಯೋಕೆ ಒಂದು ಬೇರೆ ಬುಟ್ಟಿ ಇರಲಿ, ಸಿಂಕ್‌ನಲ್ಲಿ ಬೇಡ. ಸ್ಟೆರಿಲೈಜರ್ ನಾನು ತರಲ್ಲ, ಮುಚ್ಚಳದ ಪಾತ್ರೆಯಲ್ಲಿ ಐದು ನಿಮಿಷ ಕುದಿಸಿದರಾಯ್ತು, ಟ್ಯೂಬ್ ಮಾತ್ರ ಬಿಟ್ಟು. ಕುಡಿಸೋಕೆ ಬಾಟಲಿ ಬದಲು ಸಣ್ಣ ಸ್ಟೀಲ್ ವಾಟಗ (ಬಟ್ಟಲು), ಚಮಚ.

ತೆಗೆದ ಹಾಲು 25 ಡಿಗ್ರಿವರೆಗಿನ ಕೋಣೆಯಲ್ಲಿ 4 ತಾಸು, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ ಅಂತಾರೆ. ಆದರೆ ನಮ್ಮ ಏಪ್ರಿಲ್ ಬಿಸಿಲಿಗೆ ಆ 4 ತಾಸು ನಂಬಬೇಡಿ, ತೆಗೆದ ಕೂಡಲೇ ಫ್ರಿಜ್ಜಿಗೆ, ಅದೂ ಬಾಗಿಲಲ್ಲಿ ಅಲ್ಲ, ಒಳಗೆ ಹಿಂದುಗಡೆ.

ಕೆಲಸಕ್ಕೆ ಹೋಗುವವರು ಒಂದು ತಿಳ್ಕೊಳ್ಳಿ. ಹೆರಿಗೆ ರಜೆಯ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ರಜೆ ಇದೆ. ವಾಪಸ್ ಹೋದ ಮೇಲೂ ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಬಿಡುವು ಕಾನೂನಿನಲ್ಲೇ ಇದೆ. ಮೊದಲ ಸಲ ನನಗೆ ಇದು ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಈ ಸಲ ರಜೆಯ ಅರ್ಜಿ ಕೊಡುವಾಗಲೇ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಕೇಳಿ ಬಂದಿದ್ದೇನೆ.

ಆಸ್ಪತ್ರೆಯ ಬ್ಯಾಗಿನಲ್ಲಿ ಸದ್ಯ ಇರೋದು ವಾಟಗ, ಚಮಚ, ಒಂದು ಸ್ಕೇಲ್. ವೈನಿ ನಿನ್ನೆ ಫೋನ್‌ನಲ್ಲಿ ಹೇಳಿದ್ದಾಳೆ, "ಐದನೇ ದಿನಕ್ಕ ನಾನ ಬಂದು ಅಳತಿ ತೊಗೋತೀನಿ, ಅಲ್ಲಿತನಕ ಏನೂ ತರಸಬ್ಯಾಡ."