ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬಂದರೆ ಅದು ಪವಾಡವಾ?

ನಾನು ಗಣಿತ ಕಲಿಸುವವಳು ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಇದು: "ನಮ್ಮ ಆಫೀಸಿನಲ್ಲಿ ಇರೋದೇ ಇಪ್ಪತ್ತೈದು ಜನ. ಅದರಲ್ಲಿ ಇಬ್ಬರ ಹುಟ್ಟಿದ ದಿನ ಒಂದೇ! ವರ್ಷದಲ್ಲಿ 365 ದಿನ ಇದ್ದೂ ಹೀಗೆ ಹೇಗೆ?"

ಇಪ್ಪತ್ತೈದು ಜನ ಕೂಡ ಬೇಕಿಲ್ಲ. 23 ಜನ ಸೇರಿದರೆ ಸಾಕು, ಯಾರಾದರೂ ಇಬ್ಬರ ದಿನ ಹೊಂದುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. 57 ಜನ ಇದ್ದರೆ ನೂರಕ್ಕೆ 99.

ಇದನ್ನು ಕೇಳಿದಾಗ ನಾವೆಲ್ಲ ಸುಮ್ನೆ ನಮ್ಮ ಹುಟ್ಟುಹಬ್ಬವನ್ನೇ ನೆನೆಸಿಕೊಳ್ಳುತ್ತೇವೆ. ಉಳಿದ 22 ಜನರಲ್ಲಿ ನನ್ನ ದಿನವೇ ಯಾರಿಗಾದರೂ ಇರುವ ಸಾಧ್ಯತೆ ನೂರಕ್ಕೆ 6 ಅಷ್ಟೆ. ಆದರೆ ಪ್ರಶ್ನೆ ಕೇಳಿದ್ದು 'ಯಾರಾದರೂ ಇಬ್ಬರು' ಅಂತ. 23 ಜನರಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡುತ್ತಾ ಹೋದರೆ 253 ಜೋಡಿಗಳಾಗುತ್ತವೆ. ಅಷ್ಟು ಜೋಡಿಗಳಲ್ಲಿ ಒಂದು ಹೊಂದಿದರೂ ಆಯ್ತು.

ಒಬ್ಬೊಬ್ಬರೇ ಕೋಣೆಯೊಳಗೆ ಬರುತ್ತಿದ್ದಾರೆ ಅಂದುಕೊಳ್ಳಿ. ಎರಡನೆಯವರಿಗೆ 364 ದಿನ ಖಾಲಿ, ಮೂರನೆಯವರಿಗೆ 363. ಇಪ್ಪತ್ತಮೂರನೆಯವರಿಗೆ 343 ದಿನ ಖಾಲಿ ಇವೆ. ಆದರೂ ಪ್ರತಿಯೊಬ್ಬರೂ ಹಿಂದಿನ ಎಲ್ಲರನ್ನೂ ತಪ್ಪಿಸಿಕೊಂಡೇ ಬರಬೇಕಲ್ಲ, ಅದೇ ಕಷ್ಟ.

2014ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಒಂದೊಂದು ತಂಡಕ್ಕೂ ಸರಿಯಾಗಿ 23 ಆಟಗಾರರು. 32 ತಂಡಗಳಿದ್ದವು. 16 ತಂಡಗಳಲ್ಲಿ ಒಂದೇ ದಿನ ಹುಟ್ಟಿದವರು ಸಿಕ್ಕರು. ಸರಿಯಾಗಿ ಅರ್ಧ! ನನಗೆ ತುಂಬಾ ಇಷ್ಟವಾದ ಉದಾಹರಣೆ ಇದು.

"ಹುಟ್ಟಿದ ದಿನದ ಜೊತೆ ಹೆಸರೂ ಒಂದೇ ಆದರೆ?" ಅಂತ ಕೆಲವರು ಪಟ್ಟು ಹಿಡಿಯುತ್ತಾರೆ. ಹೆಸರುಗಳು ದಿನಗಳ ಹಾಗೆ ಸಮನಾಗಿ ಹಂಚಿಹೋಗಿಲ್ಲ, ಕೆಲವು ಹೆಸರು ಎಲ್ಲೆಲ್ಲೂ ಇವೆ. ಲೆಕ್ಕಕ್ಕೆಂದು ಇಬ್ಬರ ಹೆಸರು ಹೊಂದುವ ಸಾಧ್ಯತೆ ನೂರಕ್ಕೆ ಒಂದು ಅಂತ ಇಟ್ಟುಕೊಳ್ಳೋಣ. ಆಗ ಹೆಸರು, ದಿನ ಎರಡೂ ಹೊಂದುವುದು 36,500 ಜೋಡಿಗಳಿಗೆ ಒಂದು. ಆದರೆ 200 ಜನ ಸೇರಿದ ಕಡೆ 19,900 ಜೋಡಿಗಳಿರುತ್ತವೆ! ಅಲ್ಲಿ ಹಾಗಾಗುವ ಸಾಧ್ಯತೆ ನೂರಕ್ಕೆ 40ಕ್ಕೂ ಜಾಸ್ತಿ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂತೀವಲ್ಲ, ಕೊಂಬೆ ಮುರಿಯದೆ ಕಾಗೆ ಹಾರಿಹೋದ ಸಲಗಳನ್ನು ನಾವು ಎಣಿಸಿರುವುದೇ ಇಲ್ಲ.

ತರಗತಿಯಲ್ಲಿ ಇದನ್ನು ಪ್ರತಿ ವರ್ಷ ಮಾಡಿಸುತ್ತೇನೆ. ಒಂದೊಂದೇ ತಿಂಗಳ ಹೆಸರು ಕೂಗುತ್ತೇನೆ, ಆ ತಿಂಗಳಲ್ಲಿ ಹುಟ್ಟಿದವರು ಎದ್ದು ನಿಂತು ತಾರೀಕು ಹೇಳುತ್ತಾರೆ. 40 ಮಕ್ಕಳಿದ್ದರೆ ಒಂಬತ್ತು ಸಲದಲ್ಲಿ ಎಂಟು ಸಲ ಜೋಡಿ ಸಿಗಬೇಕು. ಒಂದು ವರ್ಷ ಡಿಸೆಂಬರ್‌ವರೆಗೂ ಬಂದರೂ ಸಿಗಲಿಲ್ಲ. ಮಕ್ಕಳ ಮುಖ ಬಾಡಿತು. ಆಗ ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು: "ಮಿಸ್, ನಂದು ಹದಿನಾಲ್ಕು, ಅವನದು ಹದಿನೈದು. ಇದು ಲೆಕ್ಕಕ್ಕೆ ಬರುತ್ತಾ?"

ಬರುತ್ತದೆ. ಒಂದು ದಿನ ಆಚೀಚೆ ಆದರೂ ಪರವಾಗಿಲ್ಲ ಅಂದರೆ, ಸಾಧ್ಯತೆ ಅರ್ಧ ದಾಟುವುದಕ್ಕೆ 23ರ ಬದಲು 14 ಜನ ಸಾಕು. ಅವತ್ತು ಪೂರ್ತಿ ಪೀರಿಯಡ್ ಆ ಪ್ರಶ್ನೆಯ ಮೇಲೇ ಹೋಯಿತು.